ಕೈಚೀಲದೊಳಗಿನ ಅಭಯ

ಕೆಲಸ ಮುಗಿಸಿ ರಾತ್ರಿ ಒಬ್ಬಳೇ ಮರಳುವ ಮಗಳಿಗೆ ಗುಪ್ತವಾಗಿ ಒಯ್ಯಬಲ್ಲ ಪಿಸ್ತೂಲು ಯಾವುದು ಲೇಸೆಂದು ಕೇಳುವ ತಂದೆಯರಿದ್ದಾರೆ. ಅವರ ಭಯವನ್ನು ನಾವು ಹಗುರವಾಗಿ ಕಾಣೆವು. ಅವರು ಕಂಡುಕೊಂಡ ಪರಿಹಾರವನ್ನು ಮಾತ್ರ ಒಪ್ಪಲಾರೆವು.

2012ರ ದೆಹಲಿಯ ಘೋರಕೃತ್ಯದ ತರುವಾಯ, 2014ರಲ್ಲಿ ಕಾನ್ಪುರದ ಸರಕಾರಿ ಕಾರ್ಖಾನೆಯು ಸ್ತ್ರೀಯರಿಗೆಂದೇ ‘ನಿರ್ಭೀಕ್’ ಎಂಬ ರಿವಾಲ್ವರನ್ನು ಹೊರತಂದಿತು. ತೂಕ ಸುಮಾರು 500 ಗ್ರಾಂ. ಅಂದಿನ ಬೆಲೆ ಸುಮಾರು 1,22,000 ರೂಪಾಯಿ. ಮೇಲೆ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿ ಬೇಕು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದುಡಿಯುವ ಹೆಣ್ಣುಮಗಳು ಇದನ್ನು ಕೊಳ್ಳುವುದೆಂತು? ಕೊಂಡಳೆನ್ನಿ. ಹಿಂದಿನಿಂದ ಎರಗುವವನು ಆಕೆ ಚೀಲ ತೆರೆಯುವವರೆಗೆ ಕಾಯುವನೇ? ಕಸಿದುಕೊಂಡರೆ ಅದು ಯಾರ ಆಯುಧ? ಅತ್ಯಾಚಾರದ ಬಹುಪಾಲು ಪ್ರಕರಣಗಳಲ್ಲಿ ಆರೋಪಿ ಪರಿಚಿತನೇ ಎಂದು ಸರಕಾರದ ಅಪರಾಧ ದಾಖಲೆಗಳೇ ಹೇಳುತ್ತವೆ. ನಂಬಿದವನ ಮುಂದೆ ಆಕೆ ಆಯುಧ ಹಿಡಿದೇ ಕುಳಿತಿರುವಳೇ?

ಆತ್ಮರಕ್ಷಣೆಯ ಹಕ್ಕನ್ನು ಕಾನೂನೇ ಕೊಟ್ಟಿದೆ, ಅದನ್ನು ಅಲ್ಲಗಳೆಯೆವು. ಆದರೆ ರಕ್ಷಣೆಯ ಹೊಣೆಯನ್ನು ಆಕೆಯ ಚೀಲಕ್ಕೆ ತುರುಕಿ ಸಮಾಜವು ಕೈತೊಳೆದುಕೊಳ್ಳುವುದು ಸಲ್ಲದು. ರಾತ್ರಿ ದುಡಿಸಿಕೊಂಡ ಧಣಿ ಮನೆ ಮುಟ್ಟಿಸಲಿ. ಬೀದಿಗೆ ದೀಪ, ಹೊತ್ತಿಗೆ ಬಸ್ಸು ಬರಲಿ. ತಂದೆಯರೇ, ಮಗಳಿಗೆ ಪಿಸ್ತೂಲು ಹುಡುಕುವ ಮುನ್ನ ಮಗನಿಗೆ ಮರ್ಯಾದೆ ಕಲಿಸಿರಿ.