ತಪಾಸಣೆ ಮಾಡುವವನಿಗೂ ಅನುಮತಿ ಬೇಕು

ಪಡುಬಿದ್ರಿಯ ರೇಷನ್ ಅಂಗಡಿಯಲ್ಲಿ ನಾವು ಒತ್ತುವ ಹೆಬ್ಬೆಟ್ಟನ್ನು ಆಧಾರ್ ದಾಖಲೆಯೊಂದಿಗೆ ತಾಳೆ ನೋಡುತ್ತಾರೆ. ಕೋಟಿಗಟ್ಟಲೆ ಜನರ ದಾಖಲೆ ಒಂದು ಕಂಪ್ಯೂಟರಿನಲ್ಲಿ ಹಿಡಿಸುವುದಿಲ್ಲ. ಆಧಾರ್ ಕಟ್ಟುವಾಗ ಬಳಸಿದ ತಂತ್ರಾಂಶಗಳಲ್ಲಿ ಹಡೂಪ್ ಕೂಡ ಒಂದು. (ಅದನ್ನು ಕಟ್ಟಿದವರಲ್ಲೊಬ್ಬರಾದ ಡಗ್ ಕಟಿಂಗ್ ಇಟ್ಟದ್ದು ತಮ್ಮ ಮಗನ ಆಟಿಕೆ ಆನೆಯ ಹೆಸರು!)

ಹಡೂಪ್ ದೊಡ್ಡ ಫೈಲನ್ನು ಸಾಮಾನ್ಯವಾಗಿ 128 ಎಂಬಿಯ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿನ 3 ಪ್ರತಿಗಳನ್ನು ಬೇರೆ ಬೇರೆ ಯಂತ್ರಗಳಲ್ಲಿ ಇಡುತ್ತದೆ. ಒಂದು ಯಂತ್ರ ಕೆಟ್ಟರೂ ದಾಖಲೆ ಉಳಿಯುತ್ತದೆ. ಯಾವ ತುಂಡು ಕಾಣೆಯಾಗಿದೆ, ಯಾವುದರ ಪ್ರತಿ ಕಡಿಮೆಯಾಗಿದೆ ಎಂದು ಹುಡುಕುವ ತಪಾಸಣೆ ಸಾಧನದ ಹೆಸರು ಎಫ್‌ಎಸ್‌ಸಿಕೆ. ಅದು ಬರೀ ನೋಡಿ ಸುಮ್ಮನಿರುವುದಿಲ್ಲ. ಹೇಳಿದರೆ ಕೆಟ್ಟ ಫೈಲನ್ನು ಬೇರೆಡೆಗೆ ಸಾಗಿಸುತ್ತದೆ, ಅಳಿಸಿಯೂ ಹಾಕುತ್ತದೆ.

ಮೊದಮೊದಲು ಹಡೂಪ್‌ನಲ್ಲಿ ಯಾರು ಯಾವ ಫೈಲ್ ನೋಡಬಹುದು ಎಂಬ ಕಟ್ಟುಪಾಡೇ ಇರಲಿಲ್ಲ. ಆಮೇಲೆ ಬಂತು. ಆದರೆ ಮುಂಬಾಗಿಲಿಗೆ ಬೀಗ ಹಾಕಿ, ತಪಾಸಣೆಯ ಹೆಸರಿನಲ್ಲಿ ಬಂದವರಿಗೆ ಹಿಂಬಾಗಿಲು ತೆರೆದಿಟ್ಟರೆ ಏನು ಪ್ರಯೋಜನ ಮಾರಾಯ್ರೇ? ಸಾಧನವನ್ನು ಯಾರು ಓಡಿಸುತ್ತಾರೋ ಅವರಿಗಿರುವಷ್ಟೇ ಅನುಮತಿ ಸಾಧನಕ್ಕೂ ಇರಬೇಕು ಎಂಬುದು ನನ್ನ ವಾದ.

"ಫೈಲಿನ ಒಳಗಿರುವುದನ್ನು ಅದು ತೋರಿಸುವುದಿಲ್ಲವಲ್ಲ, ಹೆಸರು ಮಾತ್ರ ತಾನೇ" ಎನ್ನಬಹುದು. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಒಬ್ಬರ ಹೆಸರು, ಪಕ್ಕದಲ್ಲಿ ಕಾಯಿಲೆಯ ಹೆಸರು ಸೇರಿಸಿದ ಫೈಲ್ ಇದೆ ಎಂದುಕೊಳ್ಳಿ. ಊರಿಗೆ ಸುದ್ದಿ ಮುಟ್ಟಲು ಅಷ್ಟು ಸಾಕು.

ನೋಡುವುದೂ ತಿದ್ದುವುದೂ ಒಂದೇ ಅಲ್ಲ. ನಮ್ಮ ಭೂಮಿ ಯೋಜನೆಯಲ್ಲಿ ಪಹಣಿಯನ್ನು ಯಾರೂ ಮೊಬೈಲಿನಲ್ಲಿ ನೋಡಬಹುದು, ತಿದ್ದಲು ಮಾತ್ರ ಅಧಿಕಾರಿಯ ಬೆರಳಚ್ಚು ಬೇಕು. ಹಾಗೆಯೇ ಇಲ್ಲಿಯೂ ಅಳಿಸುವ ಆಜ್ಞೆಗೆ, ಆ ಫೈಲನ್ನು ಅಳಿಸುವ ಹಕ್ಕು ಇದೆಯೇ ಎಂದು ಬೇರೆಯಾಗಿಯೇ ಕೇಳಬೇಕು.

ವ್ಯವಸ್ಥೆ ನೋಡಿಕೊಳ್ಳುವವರ ಆಕ್ಷೇಪದಲ್ಲೂ ಹುರುಳಿದೆ. ಅರ್ಧ ಮಾತ್ರ ನೋಡಿದ ಸಾಧನ "ಎಲ್ಲ ಸರಿಯಿದೆ" ಎಂದುಬಿಟ್ಟರೆ ಅದು ಸುಳ್ಳು ವರದಿ. ಕಾಣೆಯಾದ ತುಂಡು ಬೀಗ ಹಾಕಿದ ಕೋಣೆಯಲ್ಲೇ ಇರಬಹುದು. ಅದಕ್ಕೆ ಇಡೀ ವ್ಯವಸ್ಥೆಯ ತಪಾಸಣೆ ಮುಖ್ಯ ನಿರ್ವಾಹಕರ ಕೈಯಲ್ಲಿರಲಿ, ಅವರು ಯಾವಾಗ ಓಡಿಸಿದರು ಎಂಬುದು ದಾಖಲಾಗಲಿ. ಉಳಿದವರು ತಮ್ಮ ಫೈಲುಗಳನ್ನಷ್ಟೇ ಪರೀಕ್ಷಿಸಲಿ. ಅನುಮತಿ ಸಿಗದ ಕಡೆ "ಇಲ್ಲಿ ನೋಡಿಲ್ಲ" ಎಂದು ವರದಿಯ ಮೊದಲ ಸಾಲಿನಲ್ಲೇ ಬರೆಯಲಿ, ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಅಲ್ಲ.