ಕೆಟ್ಟ ಪ್ರೊಫೈಲ್‌ಗೆ ಹೊಸ ಪ್ರೊಫೈಲ್ ಪರಿಹಾರವಲ್ಲ

2020ರ ಫೆಬ್ರುವರಿ 11ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಎಂದಿನ ಮಾಸಿಕ ಅಪ್‌ಡೇಟ್ ಬಿಡುಗಡೆ ಮಾಡಿತು. ಅದನ್ನು ಹಾಕಿಕೊಂಡ ಕೆಲವರಿಗೆ ತಮ್ಮದೇ ಕಂಪ್ಯೂಟರ್ ಅಪರಿಚಿತವಾಯಿತು. ಡೆಸ್ಕ್‌ಟಾಪ್ ಮೇಲಿದ್ದ ಕಡತಗಳೆಲ್ಲ ಮಾಯ, ಸ್ಟಾರ್ಟ್ ಮೆನು ಹೊಸ ಯಂತ್ರದ್ದರಂತೆ ಬೋಳು. ನಿಜಕ್ಕೂ ಕಡತಗಳು ಅಳಿದಿರಲಿಲ್ಲ. ಅಪ್‌ಡೇಟ್ ನಡೆಯುವಾಗ ವಿಂಡೋಸ್ ತೆರೆದುಕೊಂಡಿದ್ದ ತಾತ್ಕಾಲಿಕ ಪ್ರೊಫೈಲ್, ಕೆಲಸ ಮುಗಿದ ಮೇಲೂ ತೆರವಾಗದೆ ಉಳಿದುಬಿಟ್ಟಿತ್ತು. ಹಳೆಯ ಪ್ರೊಫೈಲ್ ಬೇರೆ ಹೆಸರಿನ ಫೋಲ್ಡರ್‌ನಲ್ಲಿ ಹಾಗೇ ಇತ್ತು. ಕೆಲವರಿಗೆ ನಾಲ್ಕಾರು ಸಲ ರೀಸ್ಟಾರ್ಟ್ ಮಾಡಿದಾಗ ಎಲ್ಲವೂ ಮರಳಿತು. ಇನ್ನು ಕೆಲವರು ಅಪ್‌ಡೇಟನ್ನೇ ತೆಗೆದುಹಾಕಬೇಕಾಯಿತು.

ಆ ಸಲ ತಪ್ಪು ಎಲ್ಲಿದೆ ಎಂಬುದು ಬೇಗ ಗೊತ್ತಾಯಿತು, ಏಕೆಂದರೆ ಒಂದೇ ತೊಂದರೆ ಒಂದೇ ವಾರದಲ್ಲಿ ಹಲವು ಕಡೆ ಕಾಣಿಸಿಕೊಂಡಿತು. ಕಚೇರಿಗಳಲ್ಲಿ ದಿನನಿತ್ಯ ನಡೆಯುವುದು ಹೀಗಲ್ಲ. ಒಬ್ಬ ಗುಮಾಸ್ತರ ಪ್ರೊಫೈಲ್ ಇಂದು ಕೆಡುತ್ತದೆ, ಮೂರು ವಾರ ಬಿಟ್ಟು ಲೆಕ್ಕಪತ್ರ ವಿಭಾಗದ ಇನ್ನೊಬ್ಬರದ್ದು, ತಿಂಗಳಾದ ಮೇಲೆ ಮತ್ತೆ ಅದೇ ಗುಮಾಸ್ತರದ್ದು. ಪ್ರತಿ ಸಲವೂ ತಂತ್ರಜ್ಞ ಬರುತ್ತಾರೆ, ಹಳೆಯ ಪ್ರೊಫೈಲ್ ಅಳಿಸುತ್ತಾರೆ, ಹೊಸದನ್ನು ತೆರೆಯುತ್ತಾರೆ, ದೂರು ಮುಗಿಯಿತೆಂದು ಸಹಿ ಹಾಕಿಸಿಕೊಂಡು ಹೋಗುತ್ತಾರೆ. ‘ಸಿಸ್ಟಂ ಸರಿಯಾಗಿ ಶಟ್‌ಡೌನ್ ಮಾಡಿ’ ಎಂಬ ಬುದ್ಧಿಮಾತು ನೌಕರರ ಪಾಲಿಗೆ ಉಳಿಯುತ್ತದೆ.

ಈ ರೂಢಿ ನಿಲ್ಲಬೇಕು. ಒಮ್ಮೆ ಕೆಟ್ಟ ಪ್ರೊಫೈಲನ್ನು ಆಕಸ್ಮಿಕ ಎನ್ನಬಹುದು. ಅದೇ ಕಚೇರಿಯಲ್ಲಿ ಮತ್ತೆ ಮತ್ತೆ ಕೆಡುತ್ತಿದ್ದರೆ ಕೆಟ್ಟಿರುವುದು ಪ್ರೊಫೈಲ್ ಅಲ್ಲ. ಅದರ ಕೆಳಗಿರುವ ಡಿಸ್ಕ್, ವಿದ್ಯುತ್, ಆಂಟಿವೈರಸ್ ಅಥವಾ ಸರ್ವರ್. ಕಾರಣ ಹುಡುಕದೆ ಹೊಸ ಪ್ರೊಫೈಲ್ ಕೊಡುವುದು ಸೋರುವ ಸೂರಿನ ಕೆಳಗೆ ಬಕೆಟ್ ಬದಲಿಸಿದಷ್ಟೇ ಕೆಲಸ.

ಪ್ರೊಫೈಲ್ ಎಂದರೆ ಬಳಕೆದಾರರ ಹೆಸರಿನಲ್ಲಿರುವ ಒಂದು ಫೋಲ್ಡರ್. ಅದರೊಳಗೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಇರುತ್ತವೆ. ಇವುಗಳ ಜೊತೆಗೆ ‘ಎನ್‌ಟಿಯೂಸರ್ ಡಾಟ್ ಡ್ಯಾಟ್’ ಎಂಬ ಅಡಗಿಸಿಟ್ಟ ಕಡತವೂ ಇದೆ. ಆ ಬಳಕೆದಾರರ ಸೆಟ್ಟಿಂಗ್‌ಗಳೆಲ್ಲ ಸೇರಿರುವ ರಿಜಿಸ್ಟ್ರಿ ಭಾಗ ಅದು. ಪಾಸ್‌ವರ್ಡ್ ಒತ್ತಿದಾಗ ವಿಂಡೋಸ್ ಅದನ್ನು ತೆರೆಯುತ್ತದೆ, ಸೈನ್ ಔಟ್ ಮಾಡಿದಾಗ ಮುಚ್ಚುತ್ತದೆ. ಕೆಲಸದ ಹೊತ್ತಿನಲ್ಲೆಲ್ಲ ಅದರೊಳಗೆ ಬರೆಯುವುದು ನಡೆದೇ ಇರುತ್ತದೆ. ಇಂಥ ಬರಹ ಅರ್ಧಕ್ಕೆ ನಿಂತರೆ ಸರಿಪಡಿಸಿಕೊಳ್ಳಲೆಂದು ಪಕ್ಕದಲ್ಲೇ ಲಾಗ್ ಕಡತಗಳನ್ನೂ ವಿಂಡೋಸ್ ಇಟ್ಟುಕೊಂಡಿರುತ್ತದೆ. ಹಾಗಾಗಿ ಒಂದು ಸಲ ಕರೆಂಟ್ ಹೋದ ಮಾತ್ರಕ್ಕೆ ಪ್ರೊಫೈಲ್ ಕೆಡಬೇಕೆಂದಿಲ್ಲ. ಪದೇ ಪದೇ ಕೆಡುತ್ತಿದೆ ಎಂದರೆ ಆ ರಕ್ಷಣೆಯನ್ನೂ ಮೀರಿದ ಏನೋ ನಡೆಯುತ್ತಿದೆ.

ಮುಖ್ಯ ಪ್ರೊಫೈಲ್ ತೆರೆಯಲಾಗದಿದ್ದಾಗ ವಿಂಡೋಸ್ ಒಂದು ತಾತ್ಕಾಲಿಕ ಪ್ರೊಫೈಲ್ ಕೊಡುತ್ತದೆ. ನೌಕರರಿಗೆ ಹೆಚ್ಚು ನಷ್ಟವಾಗುವುದು ಇಲ್ಲಿಯೇ. ಆ ಖಾಲಿ ಡೆಸ್ಕ್‌ಟಾಪ್ ಮೇಲೆ ದಿನವಿಡೀ ಕೂತು ಮಾಡಿ ಉಳಿಸಿದ ಕಡತ ಸಂಜೆ ಸೈನ್ ಔಟ್ ಮಾಡಿದೊಡನೆ ಅಳಿಸಿಹೋಗುತ್ತದೆ. ಎಚ್ಚರಿಕೆಯ ಸಂದೇಶ ಪರದೆಯ ಮೂಲೆಯಲ್ಲಿ ಬಂದು ಹೋಗುತ್ತದೆ, ಹಲವರ ಗಮನಕ್ಕೇ ಬರುವುದಿಲ್ಲ. ಪ್ರತಿ ಕಚೇರಿಯೂ ತನ್ನ ಸಿಬ್ಬಂದಿಗೆ ಕಲಿಸಬೇಕಾದ ಮೊದಲ ಪಾಠ ಇದು: ಡೆಸ್ಕ್‌ಟಾಪ್ ಇದ್ದಕ್ಕಿದ್ದಂತೆ ಖಾಲಿ ಕಂಡರೆ ಅಲ್ಲಿ ಏನನ್ನೂ ಉಳಿಸಬೇಡಿ, ಕೆಲಸ ನಿಲ್ಲಿಸಿ ಐಟಿ ವಿಭಾಗಕ್ಕೆ ಕರೆ ಮಾಡಿ.

ಕಾರಣ ಹುಡುಕುವುದು ದೊಡ್ಡ ವಿದ್ಯೆಯೇನಲ್ಲ. ಮೊದಲು ಕೇಳಬೇಕಾದ ಪ್ರಶ್ನೆ: ಕೆಡುತ್ತಿರುವುದು ಒಬ್ಬರ ಪ್ರೊಫೈಲೋ, ಒಂದು ಯಂತ್ರದ ಪ್ರೊಫೈಲ್‌ಗಳೋ? ಒಂದೇ ಕಂಪ್ಯೂಟರ್‌ನಲ್ಲಿ ಯಾರು ಕೂತರೂ ಕೆಡುತ್ತಿದ್ದರೆ ಆ ಯಂತ್ರದ ಹಾರ್ಡ್‌ಡಿಸ್ಕ್ ಅಥವಾ ಮೆಮೊರಿಯನ್ನು ಶಂಕಿಸಬೇಕು. ಒಬ್ಬರೇ ವ್ಯಕ್ತಿ ಯಾವ ಯಂತ್ರದಲ್ಲಿ ಕೂತರೂ ಕೆಡುತ್ತಿದ್ದರೆ ಸರ್ವರ್‌ನಲ್ಲಿರುವ ಅವರ ಪ್ರೊಫೈಲ್ ಪ್ರತಿಯನ್ನು ನೋಡಬೇಕು. ಹಳಬರಿಗೆ ತೊಂದರೆಯಿಲ್ಲದೆ, ಹೊಸಬರು ಮೊದಲ ಸಲ ಲಾಗಿನ್ ಆಗುವಾಗ ಮಾತ್ರ ತಡೆ ಬರುತ್ತಿದ್ದರೆ, ಹೊಸ ಪ್ರೊಫೈಲ್‌ಗಳಿಗೆಲ್ಲ ಅಚ್ಚಾಗಿರುವ ‘ಡಿಫಾಲ್ಟ್’ ಫೋಲ್ಡರ್ ಕೆಟ್ಟಿರುವ ಸಾಧ್ಯತೆ ಹೆಚ್ಚು. ಈ ಮೂರನ್ನು ಬೇರ್ಪಡಿಸಲು ಒಂದು ನೋಟ್‌ಬುಕ್ ಸಾಕು. ಯಾವ ದಿನ, ಯಾರು, ಯಾವ ಯಂತ್ರ ಎಂದು ಬರೆದಿಟ್ಟಿರಬೇಕು, ಅಷ್ಟೆ.

ಎರಡನೆಯದು, ಯಂತ್ರ ತಾನೇ ಬರೆದಿಟ್ಟ ಸಾಕ್ಷಿ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ, ಅಪ್ಲಿಕೇಶನ್ ಲಾಗ್ ತೆರೆದರೆ ಪ್ರೊಫೈಲ್ ಸೇವೆಯ ಟಿಪ್ಪಣಿಗಳು ತಮ್ಮ ತಮ್ಮ ಸಂಖ್ಯೆಯೊಂದಿಗೆ ಸಿಗುತ್ತವೆ. ಸ್ಥಳೀಯ ಪ್ರೊಫೈಲ್ ಸಿಗದೆ ತಾತ್ಕಾಲಿಕದಲ್ಲಿ ಒಳಬಿಟ್ಟಿದ್ದೇನೆ ಎನ್ನುತ್ತದೆ 1511. ಹಳೆಯ ಪ್ರೊಫೈಲನ್ನು ಪಕ್ಕಕ್ಕೆ ಎತ್ತಿಟ್ಟಿದ್ದೇನೆ ಎನ್ನುತ್ತದೆ 1515. ರಿಜಿಸ್ಟ್ರಿ ಕಡತ ತೆರೆಯಲಾಗಲಿಲ್ಲ ಎಂಬುದು 1508. ಇವೆಲ್ಲಕ್ಕಿಂತ ಉಪಯುಕ್ತವಾದದ್ದು 1530. ಸೈನ್ ಔಟ್ ಆಗುವಾಗ ಯಾವ ಪ್ರೋಗ್ರಾಂ ಬಳಕೆದಾರರ ರಿಜಿಸ್ಟ್ರಿ ಕಡತವನ್ನು ಬಿಡದೆ ಹಿಡಿದಿತ್ತು ಎಂಬುದನ್ನು ಅದು ಹೆಸರಿಟ್ಟು ಹೇಳುತ್ತದೆ. ಅಲ್ಲಿ ಸಿಗುವ ಹೆಸರು ಆಂಟಿವೈರಸ್‌ನದ್ದಾಗಿರಬಹುದು, ಪ್ರಿಂಟರ್ ಜೊತೆ ಬಂದ ತಂತ್ರಾಂಶದ್ದೂ ಆಗಿರಬಹುದು. ಇದು ಒಂದೆರಡು ಸಲ ಕಂಡರೆ ಅಷ್ಟೇನೂ ಅಪಾಯವಿಲ್ಲ. ಪ್ರೊಫೈಲ್ ಕೆಟ್ಟ ದಿನಗಳಲ್ಲೆಲ್ಲ ಅದೇ ಹೆಸರು ಕಂಡರೆ ಹುಡುಕಾಟದ ದಾರಿ ಸಿಕ್ಕಂತೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಇಂಥ ಹಿಡಿತ ಬಿಡಿಸಲೆಂದೇ ಮೈಕ್ರೋಸಾಫ್ಟ್ ಪ್ರತ್ಯೇಕ ಉಪಕರಣ ಕೊಟ್ಟಿತ್ತು. ವಿಸ್ತಾದಿಂದೀಚೆಗೆ ಆ ಕೆಲಸ ವಿಂಡೋಸ್‌ನೊಳಗೇ ಸೇರಿಕೊಂಡಿದೆ.

ಮೂರನೆಯದು ಡಿಸ್ಕ್ ಮತ್ತು ವಿದ್ಯುತ್. ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಡುತ್ತದೆ. ಸ್ಮಾರ್ಟ್ ವರದಿ ಎಂದರೆ ಅದೇ. ಅದನ್ನು ಓದಲು ಹೆಚ್ಚು ಹೊತ್ತು ಬೇಡ. ಚೆಕ್‌ಡಿಸ್ಕ್ ಓಡಿಸಿದಾಗ ಕೆಟ್ಟ ಸೆಕ್ಟರ್‌ಗಳು ಕಂಡರೆ ಪ್ರೊಫೈಲ್ ಮಾತು ಅಲ್ಲಿಗೇ ಬಿಟ್ಟು, ಬ್ಯಾಕಪ್ ತೆಗೆದು, ಡಿಸ್ಕ್ ಬದಲಿಸಬೇಕು. ಸಿ ಡ್ರೈವ್ ತುಂಬಿ ತುಳುಕುತ್ತಿದ್ದರೂ ಪ್ರೊಫೈಲ್ ಬರೆಯಲು ಜಾಗವಿರುವುದಿಲ್ಲ. ಇನ್ನು ಯುಪಿಎಸ್. ಅದರ ಬ್ಯಾಟರಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬಾಳುತ್ತದೆ. ಆಮೇಲೆ ದೀಪ ಉರಿಯುತ್ತಿದ್ದರೂ ಕರೆಂಟ್ ಹೋದಾಗ ಅದು ಕೆಲವೇ ಕ್ಷಣಗಳಲ್ಲಿ ಕೈಕೊಡುತ್ತದೆ. ಲೇಸರ್ ಪ್ರಿಂಟರ್‌ನ ಪ್ಲಗ್ಗನ್ನೂ ಅದಕ್ಕೇ ಚುಚ್ಚಿದ್ದರೆ ಹೊರೆ ತಾಳದೆ ಇನ್ನೂ ಬೇಗ. ಬೇಸಿಗೆಯಲ್ಲಿ ಪದೇ ಪದೇ ಕರೆಂಟ್ ಹೋಗುವ ಊರುಗಳ ಕಚೇರಿಗಳು ತಂತ್ರಾಂಶದ ತಪ್ಪು ಹುಡುಕುವ ಮೊದಲು ಈ ಬ್ಯಾಟರಿಯನ್ನು ಪರೀಕ್ಷಿಸುವುದು ಒಳ್ಳೆಯದು.

ಕೆಲವು ದೊಡ್ಡ ಸಂಸ್ಥೆಗಳಲ್ಲಿ ಪ್ರೊಫೈಲ್ ಸರ್ವರ್‌ನಲ್ಲಿರುತ್ತದೆ. ಲಾಗಿನ್ ಆದಾಗ ಯಂತ್ರಕ್ಕೆ ಇಳಿಯುತ್ತದೆ, ಸೈನ್ ಔಟ್ ಮಾಡಿದಾಗ ಮತ್ತೆ ಸರ್ವರ್‌ಗೆ ಏರುತ್ತದೆ. ಡೌನ್‌ಲೋಡ್ ಮಾಡಿದ್ದೆಲ್ಲ ಸೇರಿ ಪ್ರೊಫೈಲ್ ಹಲವು ಜಿಬಿಯಷ್ಟು ಬೆಳೆದು, ನೆಟ್‌ವರ್ಕ್ ನಿಧಾನವಾಗಿದ್ದು, ಮನೆಗೆ ಹೊರಟ ನೌಕರರು ಏರುವುದು ಮುಗಿಯುವ ಮೊದಲೇ ಸ್ವಿಚ್ ಆರಿಸಿದರೆ ಸರ್ವರ್‌ನಲ್ಲಿ ಉಳಿಯುವುದು ಅರೆಬರೆ ಪ್ರತಿ. ಒಂದೇ ಹೊತ್ತಿಗೆ ಎರಡು ಯಂತ್ರಗಳಲ್ಲಿ ಲಾಗಿನ್ ಆಗಿದ್ದರೆ ಕೊನೆಗೆ ಹೊರಬಂದ ಯಂತ್ರದ ಸೆಟ್ಟಿಂಗ್‌ಗಳು ಮೊದಲಿನದರ ಮೇಲೆ ಕೂರುತ್ತವೆ. ಇಲ್ಲಿ ನೌಕರರನ್ನು ಬೈದು ಪ್ರಯೋಜನವಿಲ್ಲ. ದೊಡ್ಡ ಫೋಲ್ಡರ್‌ಗಳನ್ನು ಪ್ರೊಫೈಲ್‌ನಿಂದ ಹೊರಗಿಟ್ಟು ನೇರವಾಗಿ ಸರ್ವರ್‌ಗೆ ಜೋಡಿಸುವುದು ವ್ಯವಸ್ಥೆ ನೋಡಿಕೊಳ್ಳುವವರ ಕೆಲಸ.

ರಿಪೇರಿಯಲ್ಲೂ ಎಚ್ಚರ ಬೇಕು. ರಿಜಿಸ್ಟ್ರಿಯ ಪ್ರೊಫೈಲ್ ಪಟ್ಟಿಯಲ್ಲಿ ಒಬ್ಬರದೇ ಗುರುತುಸಂಖ್ಯೆ ಎರಡು ಸಲ ಕಂಡು, ಒಂದರ ಕೊನೆಗೆ ‘ಬ್ಯಾಕ್’ ಎಂದಿದ್ದರೆ, ಹೆಸರು ಅದಲುಬದಲು ಮಾಡಿ ಹಳೆಯ ಪ್ರೊಫೈಲನ್ನೇ ಮರಳಿ ತೆರೆಯಬಹುದು. ರಿಜಿಸ್ಟ್ರಿಯ ಪ್ರತಿ ತೆಗೆದಿಟ್ಟುಕೊಂಡೇ ಈ ಕೆಲಸಕ್ಕೆ ಕೈಹಾಕಬೇಕು. ಹೊಸ ಪ್ರೊಫೈಲ್ ಮಾಡಲೇಬೇಕಾದಾಗ ಹಳೆಯ ಫೋಲ್ಡರನ್ನು ಸಾರಾಸಗಟಾಗಿ ನಕಲು ಮಾಡಬಾರದು. ಎನ್‌ಟಿಯೂಸರ್ ಕಡತಗಳೂ ಅದರೊಂದಿಗೆ ಬಂದರೆ ಹಳೆಯ ಕೇಡೂ ಜೊತೆಗೇ ಬರುತ್ತದೆ. ಎಷ್ಟೋ ಕಡೆ ‘ಹೊಸದು ಮಾಡಿದರೂ ಮತ್ತೆ ಕೆಟ್ಟಿತು’ ಎಂಬ ದೂರಿನ ಮೂಲ ಇದೇ ಇರಬಹುದು.

ಹೊಸ ಪ್ರೊಫೈಲ್‌ನಿಂದ ಹೋಗುವುದೇನು ಎಂಬುದನ್ನು ತಂತ್ರಜ್ಞರು ಲಘುವಾಗಿ ಕಾಣುತ್ತಾರೆ. ಕನ್ನಡದಲ್ಲಿ ಟೈಪ್ ಮಾಡುವ ನೌಕರರೊಬ್ಬರು ವರ್ಷಗಟ್ಟಲೆ ವರ್ಡ್‌ಗೆ ಕಲಿಸಿದ ಪದಗಳು, ಆಟೋಕರೆಕ್ಟ್ ಪಟ್ಟಿ, ಪತ್ರಗಳ ಟೆಂಪ್ಲೇಟ್, ಬ್ರೌಸರ್‌ನ ಬುಕ್‌ಮಾರ್ಕ್, ಇವೆಲ್ಲ ಪ್ರೊಫೈಲ್‌ನೊಳಗೇ ಇರುವಂಥವು. ಡಾಕ್ಯುಮೆಂಟ್ಸ್ ಫೋಲ್ಡರ್ ಮಾತ್ರ ಉಳಿಸಿಕೊಟ್ಟು ‘ಡೇಟಾ ಎಲ್ಲ ಇದೆ’ ಎಂದರೆ ಆ ಮಾತು ಪೂರ್ತಿ ನಿಜವಲ್ಲ. ಮತ್ತೆ ಮೊದಲಿನ ವೇಗಕ್ಕೆ ಬರಲು ಅವರಿಗೆ ವಾರಗಳೇ ಬೇಕಾಗಬಹುದು, ಆ ಹೊತ್ತು ಯಾವ ದೂರು ಪುಸ್ತಕದಲ್ಲೂ ದಾಖಲಾಗುವುದಿಲ್ಲ.

ದೂರನ್ನು ಕೇಳಿಸಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮೈಕ್ರೋಸಾಫ್ಟ್‌ನದೇ ಇನ್ನೊಂದು ಉದಾಹರಣೆ ಇದೆ. 2018ರ ಅಕ್ಟೋಬರ್ 2ರಂದು ಬಂದ ವಿಂಡೋಸ್ 10ರ 1809 ಆವೃತ್ತಿ ಕೆಲವರ ಪ್ರೊಫೈಲ್‌ನೊಳಗಿನ ಡಾಕ್ಯುಮೆಂಟ್ಸ್, ಚಿತ್ರಗಳಂಥ ಫೋಲ್ಡರ್‌ಗಳನ್ನು ನಿಜವಾಗಿಯೂ ಅಳಿಸಿತು. ಕೆಲವೇ ದಿನಗಳಲ್ಲಿ ಕಂಪನಿ ಅದನ್ನು ಹಿಂದಕ್ಕೆ ಪಡೆಯಿತು. ದೂರು ಬಂದದ್ದು ಹತ್ತು ಸಾವಿರ ಅಳವಡಿಕೆಗೆ ಒಂದರಂತೆ ಎಂದು ಕಂಪನಿಯೇ ಹೇಳಿತು. ಆದರೆ ಪರೀಕ್ಷಾರ್ಥ ಬಳಸುತ್ತಿದ್ದ ಕೆಲವರು ಬಿಡುಗಡೆಗೆ ಮೊದಲೇ ಇದೇ ತೊಂದರೆಯನ್ನು ಬರೆದು ತಿಳಿಸಿದ್ದರು. ರಾಶಿ ದೂರುಗಳ ನಡುವೆ ಅದು ಕಣ್ಣಿಗೆ ಬಿದ್ದಿರಲಿಲ್ಲ. ಆ ಬಳಿಕ ದೂರಿನ ಜೊತೆ ಅದರ ತೀವ್ರತೆಯನ್ನೂ ಗುರುತಿಸುವ ಅವಕಾಶವನ್ನು ಕಂಪನಿ ಸೇರಿಸಿತು. ಸರಿಪಡಿಸಿದ ಆವೃತ್ತಿ ಮತ್ತೆ ಬಂದದ್ದು ನವೆಂಬರ್ 13ಕ್ಕೆ.

ಸಾವಿರಾರು ಎಂಜಿನಿಯರುಗಳಿರುವ ಕಂಪನಿಯೇ ದೂರುಗಳನ್ನು ಜೋಡಿಸಿ ನೋಡದೆ ಎಡವಿತು. ನಮ್ಮ ಕಚೇರಿಗಳ ವಾರ್ಷಿಕ ನಿರ್ವಹಣಾ ಗುತ್ತಿಗೆಗಳಲ್ಲಿ ಜೋಡಿಸಿ ನೋಡಬೇಕೆಂಬ ಷರತ್ತೇ ಸಾಮಾನ್ಯವಾಗಿ ಕಾಣುವುದಿಲ್ಲ. ಎಷ್ಟು ದೂರು ಬಂತು, ಎಷ್ಟು ಗಂಟೆಯಲ್ಲಿ ಮುಗಿಯಿತು ಎಂಬುದಕ್ಕೇ ಅಂಕ. ಈ ಲೆಕ್ಕದಲ್ಲಿ ಅದೇ ಯಂತ್ರವನ್ನು ನಾಲ್ಕು ಸಲ ಬೇಗ ಸರಿಮಾಡಿದವರು ಗೆಲ್ಲುತ್ತಾರೆ. ಒಂದು ಸಲ ಬಂದು, ಅರ್ಧ ದಿನ ಕೂತು, ಕಾರಣ ಕಂಡುಹಿಡಿದವರು ಸೋಲುತ್ತಾರೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಯಂತ್ರ ಬದಲಿಸುವ, ಗುತ್ತಿಗೆ ನವೀಕರಿಸುವ ಮಾತು ಅನೇಕ ಕಚೇರಿಗಳಲ್ಲಿ ಹೇಗೂ ಮೇಜಿನ ಮೇಲಿದೆ. ಕಚೇರಿಯ ಮುಖ್ಯಸ್ಥರು ಈ ಸಲದ ಗುತ್ತಿಗೆಗೆ ಒಂದು ಸಾಲು ಸೇರಿಸಲಿ: ಒಂದೇ ಯಂತ್ರದಲ್ಲಾಗಲಿ ಒಬ್ಬರೇ ನೌಕರರಿಗಾಗಲಿ ಮೂರು ತಿಂಗಳೊಳಗೆ ಎರಡನೆಯ ಸಲ ಪ್ರೊಫೈಲ್ ಕೆಟ್ಟರೆ, ಕಾರಣವನ್ನು ಲಿಖಿತವಾಗಿ ಕೊಡದೆ ಆ ದೂರನ್ನು ಮುಚ್ಚುವಂತಿಲ್ಲ.