ಟೆಸ್ಟೋಸ್ಟೆರಾನ್ ಬರೆದುಕೊಡುವ ವೈದ್ಯರೆಲ್ಲ ಸ್ಟೆರಾಯ್ಡ್ ಮಾರುವವರೇ?

ಜಿಮ್ ಸ್ಟೆರಾಯ್ಡ್ ಸುದ್ದಿ ಬಂದಾಗಲೆಲ್ಲ ಟೆಸ್ಟೋಸ್ಟೆರಾನ್ ಬರೆದುಕೊಡುವ ವೈದ್ಯರನ್ನೂ ಅದೇ ಸಾಲಿಗೆ ಸೇರಿಸುತ್ತೇವೆ. ಎರಡೂ ಒಂದೇ ಅಲ್ಲ.

ವೈದ್ಯರು ಮಾಡುವುದೇನು? ಲಕ್ಷಣಗಳಿದ್ದು, ಎರಡು ಬೇರೆ ದಿನ ಬೆಳಿಗ್ಗೆ ಮಾಡಿದ ರಕ್ತಪರೀಕ್ಷೆಯಲ್ಲೂ ಹಾರ್ಮೋನ್ ಕಡಿಮೆ ಇದ್ದರೆ ಮಾತ್ರ ಆ ಕೊರತೆ ತುಂಬುತ್ತಾರೆ. ನಿದ್ದೆಗೆಟ್ಟರೂ, ಬೊಜ್ಜು ಬಂದರೂ ಅದು ಇಳಿಯುತ್ತದೆ. ವೈಟ್‌ಫೀಲ್ಡ್, ಪೀಣ್ಯದಲ್ಲಿ ರಾತ್ರಿ ಪಾಳಿ ಮಾಡುವವರು ಪರೀಕ್ಷೆಗೆ ಮುಂಚೆ ಅದನ್ನು ವೈದ್ಯರಿಗೆ ಹೇಳಬೇಕು.

ಹೃದಯಕ್ಕೆ ಅಪಾಯವೇ? 5,200ಕ್ಕೂ ಹೆಚ್ಚು ಗಂಡಸರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ‘ಟ್ರಾವರ್ಸ್’ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಲಿಲ್ಲ. ಆದರೆ ಹೃದಯಬಡಿತದ ಏರುಪೇರು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ತುಸು ಹೆಚ್ಚು ಕಂಡವು. ವೀರ್ಯಾಣುಗಳೂ ಕಡಿಮೆಯಾಗುತ್ತವೆ, ಮಗು ಬೇಕೆನ್ನುವವರಿಗೆ ಇದು ಸಲ್ಲದು. ವೈದ್ಯರ ನಿಗಾ ಬೇಕಿರುವುದು ಇದಕ್ಕೇ.

ಕೆಟ್ಟ ಹೆಸರಿಗೆ ಅಂಜಿ ವೈದ್ಯರು ಹಿಂಜರಿದರೆ, ನಾಚಿಕೆಯಿಂದ ರೋಗಿಗಳು ದೂರ ಉಳಿದರೆ, ಲಾಭ ರಸ್ತೆಬದಿಯ ಟೆಂಟ್‌ಗಳಿಗೆ. ಲೈಂಗಿಕ ಸಮಸ್ಯೆಗೆ ಅಂಥ ಟೆಂಟ್‌ನವರನ್ನು ನಂಬಿ ಸುಮಾರು 48 ಲಕ್ಷ ರೂಪಾಯಿ ಕಳೆದುಕೊಂಡೆ ಎಂದು ಬೆಂಗಳೂರಿನ ಟೆಕ್ಕಿಯೊಬ್ಬರು 2025ರ ನವೆಂಬರ್‌ನಲ್ಲಿ ಜ್ಞಾನಭಾರತಿ ಠಾಣೆಗೆ ದೂರು ಕೊಟ್ಟಿದ್ದರು.

ಮುಂದಿನ ಫಾರ್ವರ್ಡ್ ಬಂದಾಗ ಒಂದೇ ಪ್ರಶ್ನೆ ಕೇಳೋಣ: ರಕ್ತಪರೀಕ್ಷೆ ಮಾಡಿ ಕೊಟ್ಟ ಔಷಧವೋ, ಮಾಡದೆ ಮಾರಿದ್ದೋ?